ವೇಗದ ಮೋಟಾರಿನ ಕೋರ್‌ಗೆ ಯಾವ ಶೀಟು? ರೋಟರ್‌ಗೊಂದು ಲೆಕ್ಕ, ಸ್ಟೇಟರ್‌ಗೊಂದು ಲೆಕ್ಕ

ವೇಗದ ಮೋಟಾರು ಮಾಡಬೇಕು, ಅದಕ್ಕೆ ಹೈ ಸ್ಟ್ರೆಂತ್ (ಹೆಚ್ಚು ಬಲದ) ಸಿಲಿಕಾನ್ ಉಕ್ಕಿನ ಶೀಟೇ ಬೇಕು ಎಂದು ಕೊಟೇಶನ್ ತರಿಸುವ ಮೊದಲು ಒಂದು ವಿಷಯ ಬಗೆಹರಿಸಿಕೊಳ್ಳಬೇಕು. ತೆಳು ಶೀಟುಗಳನ್ನು ಪೇರಿಸಿ ಮಾಡಿದ ಮೋಟಾರಿನ ಉಕ್ಕಿನ ಭಾಗವನ್ನು ಕೋರ್ ಎಂದು ಒಂದೇ ಮಾತಿನಲ್ಲಿ ಹೇಳಿದರೂ ಅಲ್ಲಿರುವುದು ಎರಡು ಬೇರೆ ಬೇರೆ ಭಾಗ. ತಿರುಗುವ ರೋಟರ್‌ಗೆ ಬೇಕಾದದ್ದು ಬಲ. ನಿಂತಲ್ಲೇ ಇರುವ ಸ್ಟೇಟರ್‌ಗೆ ಬೇಕಾದದ್ದು ಕಡಿಮೆ ನಷ್ಟ, ಅಂದರೆ ಕಡಿಮೆ ಬಿಸಿ. ಉಕ್ಕಿನೊಳಗೆ ಈ ಎರಡು ಗುಣಗಳು ಒಂದನ್ನೊಂದು ಕಡಿಮೆ ಮಾಡುತ್ತವೆ. ಬಲ ಹೆಚ್ಚಿಸಿದರೆ ನಷ್ಟ ಹೆಚ್ಚುತ್ತದೆ, ನಷ್ಟ ಇಳಿಸಿದರೆ ಬಲ ಇಳಿಯುತ್ತದೆ. ಹಾಗಾಗಿ ಎರಡಕ್ಕೂ ಪ್ರತ್ಯೇಕವಾಗಿ ಲೆಕ್ಕ ಹಾಕಿ, ಆಮೇಲೆ ಒಂದೇ ಶೀಟಿನಲ್ಲಿ ಕೆಲಸ ಮುಗಿಯುತ್ತದೋ ಇಲ್ಲವೋ ನೋಡುವುದು ಸರಿಯಾದ ದಾರಿ.

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್, ಮಾಚೇನಹಳ್ಳಿ, ಭದ್ರಾವತಿ ಕಡೆಯ ವರ್ಕ್‌ಶಾಪ್‌ಗಳು, ಮೋಟಾರು ಪ್ರಾಜೆಕ್ಟ್ ಕೈಗೆತ್ತಿಕೊಂಡ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಪಂಪ್‌ಸೆಟ್ ಮೋಟಾರಿನ ಅರ್ಧ ಮಿಲಿಮೀಟರ್ ಸ್ಟ್ಯಾಂಪಿಂಗ್ ಗೊತ್ತಿರುವವರಿಗೆ ಬ್ಯಾಟರಿ ವೀಡ್ ಕಟರ್, ಸ್ಕೂಟರ್ ಮೋಟಾರು, ಸಿಎನ್‌ಸಿ ಸ್ಪಿಂಡಲ್, ಬ್ಲೋವರ್‌ಗಳ ಲೆಕ್ಕ ಸ್ವಲ್ಪ ಬೇರೆ.

ಮೊದಲು ಅಂಚಿನ ವೇಗ

ಆರ್‌ಪಿಎಂ ಒಂದನ್ನೇ ನೋಡಿ ಶೀಟು ಆರಿಸಬಾರದು. ರೋಟರ್ ಮೇಲೆ ಬೀಳುವ ಎಳೆತವನ್ನು ನಿರ್ಧರಿಸುವುದು ಅದರ ಹೊರ ಅಂಚು ಸೆಕೆಂಡಿಗೆ ಎಷ್ಟು ಮೀಟರ್ ಓಡುತ್ತದೆ ಎಂಬುದು. ವ್ಯಾಸವನ್ನು ಮೀಟರಿನಲ್ಲಿ ಹಿಡಿದು 3.14ರಿಂದ ಗುಣಿಸಿ, ಅದನ್ನು ಆರ್‌ಪಿಎಂನಿಂದ ಗುಣಿಸಿ 60ರಿಂದ ಭಾಗಿಸಿದರೆ ಅಂಚಿನ ವೇಗ ಸಿಗುತ್ತದೆ. ಆ ವೇಗದ ವರ್ಗವನ್ನು ಉಕ್ಕಿನ ಸಾಂದ್ರತೆಯಿಂದ ಗುಣಿಸಿದರೆ ತೆಳು ಬಳೆಯೊಂದು ಅದೇ ವೇಗದಲ್ಲಿ ತಿರುಗಿದಾಗ ಅದರಲ್ಲಿ ಹುಟ್ಟುವ ಎಳೆತ ಬರುತ್ತದೆ. ಸಿಲಿಕಾನ್ ಶೀಟಿನ ಸಾಂದ್ರತೆ ಘನ ಮೀಟರಿಗೆ ಸುಮಾರು 7,650 ಕೆಜಿ. ಸೆಕೆಂಡಿಗೆ 100 ಮೀಟರಿಗೆ ಈ ಎಳೆತ 76 ಮೆಗಾಪ್ಯಾಸ್ಕಲ್ (ಒಂದು ಚದರ ಮಿ.ಮೀ. ಮೇಲೆ ಎಷ್ಟು ನ್ಯೂಟನ್ ಬಲ ಎಂಬ ಅಳತೆ), 150 ಮೀಟರಿಗೆ 172, 200 ಮೀಟರಿಗೆ 306. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು.

60 ಮಿ.ಮೀ. ರೋಟರ್ 20,000 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ವೇಗ ಸುಮಾರು 63 ಮೀಟರ್, ಎಳೆತ 30 ಮೆಗಾಪ್ಯಾಸ್ಕಲ್ ಮಾತ್ರ. ಸಾಮಾನ್ಯ ಸಿಲಿಕಾನ್ ಶೀಟು 300ರಿಂದ 450 ಮೆಗಾಪ್ಯಾಸ್ಕಲ್ ತಡೆಯುವ ವಸ್ತು. ಇಷ್ಟಕ್ಕೇ ನಿಲ್ಲಿಸಿದರೆ ಹೈ ಸ್ಟ್ರೆಂತ್ ಯಾರಿಗೂ ಬೇಡ ಅನ್ನಿಸುತ್ತದೆ. ಬೇಕಾಗುವುದು ಮ್ಯಾಗ್ನೆಟ್ಟನ್ನು ಶೀಟಿನ ಒಳಗೆ ಹೂತಿಟ್ಟ ರೋಟರ್‌ಗಳಲ್ಲಿ. ಅಲ್ಲಿ ಇಡೀ ಭಾರ ಒಂದೆರಡು ಮಿಲಿಮೀಟರ್ ಅಗಲದ ಪಟ್ಟಿಯ ಮೇಲೆ ನಿಂತಿರುತ್ತದೆ. ಆ ಪಟ್ಟಿಗೇ ಬ್ರಿಡ್ಜ್ ಎನ್ನುವುದು.

ಒಂದು ಬ್ರಿಡ್ಜಿನ ಲೆಕ್ಕ

80 ಮಿ.ಮೀ. ವ್ಯಾಸ, ನಾಲ್ಕು ಪೋಲ್ (ಕಾಂತ ಧ್ರುವ), 20,000 ಆರ್‌ಪಿಎಂ ರೋಟರ್ ಒಂದನ್ನು ತೆಗೆದುಕೊಳ್ಳೋಣ. ಪ್ರತಿ ಪೋಲ್‌ಗೂ 30 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ನಿಯೋಡಿಮಿಯಂ ಮ್ಯಾಗ್ನೆಟ್. ಅದರ ಹೊರ ಮೇಲ್ಮೈ ರೋಟರಿನ ಕೇಂದ್ರದಿಂದ 35 ಮಿ.ಮೀ. ದೂರದಲ್ಲಿದೆ. ರೋಟರ್ ಉದ್ದದ ಪ್ರತಿ ಮಿಲಿಮೀಟರಿಗೆ ಮ್ಯಾಗ್ನೆಟ್ ಸುಮಾರು 0.9 ಗ್ರಾಂ, ಅದರ ಮೇಲೆ ಕೂತ ಬಿಲ್ಲಿನಾಕಾರದ ಉಕ್ಕಿನ ತುಂಡು ಸುಮಾರು 1 ಗ್ರಾಂ. ಎರಡೂ ಸೇರಿ ಎರಡು ಗ್ರಾಂ ಕೂಡ ಇಲ್ಲ. ಆದರೂ ಆ ವೇಗದಲ್ಲಿ ಅವು ಹೊರಕ್ಕೆ ಎಳೆಯುವ ಬಲ ಪ್ರತಿ ಮಿಲಿಮೀಟರ್ ಉದ್ದಕ್ಕೆ 290 ನ್ಯೂಟನ್ ದಾಟುತ್ತದೆ. ಅಂದರೆ ಸುಮಾರು 30 ಕೆಜಿ ತೂಗಿಬಿಟ್ಟ ಹಾಗೆ.

ಇದನ್ನು ಹಿಡಿದಿಡುವುದು ಎರಡು ತುದಿಯ ಎರಡು ಬ್ರಿಡ್ಜ್. ಒಂದೊಂದೂ 1 ಮಿ.ಮೀ. ಅಗಲವಿದ್ದರೆ ಸರಾಸರಿ ಎಳೆತ 146 ಮೆಗಾಪ್ಯಾಸ್ಕಲ್. ಆದರೆ ಬ್ರಿಡ್ಜ್ ಬರೀ ನೇರವಾಗಿ ಎಳೆಯಲ್ಪಡುವುದಿಲ್ಲ, ಬಾಗುತ್ತದೆ ಕೂಡ. ಮ್ಯಾಗ್ನೆಟ್ ಗೂಡಿನ ಮೂಲೆಯಲ್ಲಿ ಒತ್ತಡ ಗುಂಪುಗೂಡುತ್ತದೆ. ಮೂಲೆಯ ರೇಡಿಯಸ್ ಎಷ್ಟಿದೆ ಎಂಬುದರ ಮೇಲೆ ಎರಡರಿಂದ ಮೂರು ಪಟ್ಟು ಏರುವುದು ಸಾಮಾನ್ಯ. ಎರಡೂವರೆ ಪಟ್ಟು ಹಿಡಿದರೆ 365 ಮೆಗಾಪ್ಯಾಸ್ಕಲ್. ಓವರ್‌ಸ್ಪೀಡ್ ಪರೀಕ್ಷೆಗೆ ವೇಗವನ್ನು ಶೇಕಡಾ 20 ಏರಿಸಿದರೆ ಎಳೆತ 1.44 ಪಟ್ಟಾಗಿ 525ರ ಹತ್ತಿರ ಬರುತ್ತದೆ. 3 ಶೇಕಡಾ ಸಿಲಿಕಾನಿನ ಒಳ್ಳೆಯ ಸಾಮಾನ್ಯ ಶೀಟಿನ ಯೀಲ್ಡ್ ಬಲ (ಶೀಟು ಶಾಶ್ವತವಾಗಿ ಹಿಗ್ಗತೊಡಗುವ ಎಳೆತ) 400ರಿಂದ 450. ಅಲ್ಲಿಗೆ ಮೂಲೆ ಹಿಗ್ಗಿ ವಾಪಸು ಬಾರದ ಸ್ಥಿತಿಗೆ ಹೋಯಿತು. ಹೈ ಸ್ಟ್ರೆಂತ್ ಶೀಟಿಗೆ ದುಡ್ಡು ಕೊಡಬೇಕಾದದ್ದು ಇಂಥ ಕಡೆ.

ಬ್ರಿಡ್ಜನ್ನೇ ದಪ್ಪ ಮಾಡಿದರಾಗದೇ ಎಂಬ ಪ್ರಶ್ನೆ ಬರುತ್ತದೆ. ಆಗುತ್ತದೆ, ಆದರೆ ಅದಕ್ಕೂ ಬೆಲೆಯಿದೆ. ಬ್ರಿಡ್ಜ್ ಮೂಲಕ ಮ್ಯಾಗ್ನೆಟ್ಟಿನ ಫ್ಲಕ್ಸ್ (ಕಾಂತೀಯ ಹರಿವು) ರೋಟರ್, ಸ್ಟೇಟರ್ ನಡುವಿನ ಸಂದಿಗೆ, ಅಂದರೆ ಏರ್ ಗ್ಯಾಪಿಗೆ ಹೋಗದೆ ಒಳಗೊಳಗೇ ಸುತ್ತಿ ವ್ಯರ್ಥವಾಗುತ್ತದೆ. ಬ್ರಿಡ್ಜ್ ಸುಮಾರು 2 ಟೆಸ್ಲಾದಲ್ಲಿ (ಟೆಸ್ಲಾ ಎಂದರೆ ಫ್ಲಕ್ಸಿನ ದಟ್ಟಣೆಯ ಅಳತೆ) ಸ್ಯಾಚುರೇಟ್ ಆಗುತ್ತದೆ, ಅಂದರೆ ಅದಕ್ಕಿಂತ ಹೆಚ್ಚು ಫ್ಲಕ್ಸ್ ಹಿಡಿಯುವುದಿಲ್ಲ, ಮ್ಯಾಗ್ನೆಟ್ ಕೊಡುವುದು ಸುಮಾರು 1 ಟೆಸ್ಲಾ ಎಂದುಕೊಳ್ಳಿ. ಮೇಲಿನ ಪೋಲ್‌ನಲ್ಲಿ 1 ಮಿ.ಮೀ.ನ ಎರಡು ಬ್ರಿಡ್ಜ್ ಮ್ಯಾಗ್ನೆಟ್ಟಿನ ಫ್ಲಕ್ಸಿನಲ್ಲಿ ಸುಮಾರು ಶೇಕಡಾ 13 ನುಂಗುತ್ತವೆ, 1.6 ಮಿ.ಮೀ. ಮಾಡಿದರೆ ಶೇಕಡಾ 21. ಅಷ್ಟು ಟಾರ್ಕ್ ಕಳೆದುಕೊಂಡದ್ದನ್ನು ತುಂಬಲು ಮ್ಯಾಗ್ನೆಟ್ ದೊಡ್ಡದು ಮಾಡಬೇಕು, ಮ್ಯಾಗ್ನೆಟ್ ದೊಡ್ಡದಾದರೆ ಭಾರ ಹೆಚ್ಚಿ ಬ್ರಿಡ್ಜ್ ಮತ್ತೆ ಸಾಲದಾಗುತ್ತದೆ. ಗಟ್ಟಿ ಶೀಟಿನ ನಿಜವಾದ ಲಾಭ ಈ ಸುತ್ತಾಟದಿಂದ ಬಿಡಿಸುವುದು. ರೋಟರ್ ಒಡೆಯದಂತೆ ತಡೆಯುವುದರ ಜೊತೆಗೆ, ಬ್ರಿಡ್ಜನ್ನು ಸಣ್ಣದಾಗಿಸಿ ಮ್ಯಾಗ್ನೆಟ್ಟಿನ ಖರ್ಚನ್ನೂ ಅದು ಉಳಿಸುತ್ತದೆ.

ಗಟ್ಟಿ ಶೀಟಿಗೆ ಹೋಗುವ ಮೊದಲು ಗೂಡಿನ ಮೂಲೆಯನ್ನು ನೋಡಿ. 0.3 ಮಿ.ಮೀ. ರೇಡಿಯಸ್ ಇದ್ದಲ್ಲಿ 0.8 ಕೊಡಲು ಜಾಗವಿದ್ದರೆ ಕೊಡಿ. ಅಗಲ ಮ್ಯಾಗ್ನೆಟ್ಟನ್ನು ಎರಡು ತುಂಡು ಮಾಡಿ ನಡುವೆ ಒಂದು ಕಂಬ ಬಿಟ್ಟರೆ ಬಾಗುವಿಕೆ ಬಹಳ ತಗ್ಗುತ್ತದೆ. ಡ್ರಾಯಿಂಗಿನಲ್ಲಿ ಬಗೆಹರಿಯುವುದನ್ನು ಉಕ್ಕಿನಲ್ಲಿ ಬಗೆಹರಿಸಲು ಹೋಗಬಾರದು.

ಸ್ಟೇಟರ್‌ಗೆ ಬೇಕಾದದ್ದು ತೆಳುವು

ಸ್ಟೇಟರ್ ಕಡೆ ಅಂಚಿನ ವೇಗ ಲೆಕ್ಕಕ್ಕಿಲ್ಲ, ಫ್ರೀಕ್ವೆನ್ಸಿ ಮುಖ್ಯ. ಪೋಲ್ ಜೋಡಿಗಳ ಸಂಖ್ಯೆಯನ್ನು ಆರ್‌ಪಿಎಂನಿಂದ ಗುಣಿಸಿ 60ರಿಂದ ಭಾಗಿಸಿ. ನಮ್ಮ ನಾಲ್ಕು ಪೋಲ್ ಮೋಟಾರಿಗೆ 667 ಹರ್ಟ್ಜ್. ಮನೆಯ ಕರೆಂಟಿನ 50 ಹರ್ಟ್ಜ್‌ಗೆ ಹೋಲಿಸಿದರೆ ಹದಿಮೂರು ಪಟ್ಟಿಗೂ ಹೆಚ್ಚು.

ಎಡ್ಡಿ ಕರೆಂಟ್ (ಬದಲಾಗುವ ಫ್ಲಕ್ಸಿನಿಂದ ಶೀಟಿನೊಳಗೇ ಹುಟ್ಟಿ ಸುತ್ತುವ ಕರೆಂಟ್) ನಷ್ಟ ಶೀಟಿನ ದಪ್ಪದ ವರ್ಗಕ್ಕೂ ಫ್ರೀಕ್ವೆನ್ಸಿಯ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. 3 ಶೇಕಡಾ ಸಿಲಿಕಾನ್ ಶೀಟಿನಲ್ಲಿ 1 ಟೆಸ್ಲಾ, 667 ಹರ್ಟ್ಜ್‌ಗೆ ಸೂತ್ರದ ಪ್ರಕಾರ 0.50 ಮಿ.ಮೀ. ಶೀಟು ಕೆಜಿಗೆ ಸುಮಾರು 48 ವಾಟ್ ತಿನ್ನುತ್ತದೆ, 0.35 ಆದರೆ 23, 0.20 ಆದರೆ 8ರೊಳಗೆ. ಇದು ಎಡ್ಡಿ ಕರೆಂಟಿನ ಪಾಲು ಮಾತ್ರ, ಹಿಸ್ಟೆರಿಸಿಸ್ (ಉಕ್ಕಿನ ಕಾಂತತ್ವ ಮತ್ತೆ ಮತ್ತೆ ದಿಕ್ಕು ಬದಲಿಸುವಾಗ ಆಗುವ ನಷ್ಟ) ಬೇರೆ ಸೇರಬೇಕು. ಮೂರು ಕೆಜಿ ಸ್ಟೇಟರಿನಲ್ಲಿ 0.50 ಹಾಕಿದರೆ ಎಡ್ಡಿಗೇ 140 ವಾಟ್ ಹೋಯಿತು, 0.20 ಹಾಕಿದರೆ ಸುಮಾರು 23. ಅಷ್ಟು ಬಿಸಿಯನ್ನು ಹೊರಹಾಕುವ ಜಾಗ ಸಣ್ಣ ಮೋಟಾರಿನಲ್ಲಿ ಇರುವುದೇ ಇಲ್ಲ.

ಇಲ್ಲಿ ಗ್ರೇಡ್ ಹೆಸರನ್ನು ಓದುವುದು ತಿಳಿದಿರಬೇಕು. ಎಂ250-35ಎ ಎಂದರೆ 0.35 ಮಿ.ಮೀ. ದಪ್ಪ, 1.5 ಟೆಸ್ಲಾ 50 ಹರ್ಟ್ಜ್‌ನಲ್ಲಿ ಕೆಜಿಗೆ ಹೆಚ್ಚೆಂದರೆ 2.50 ವಾಟ್ ನಷ್ಟ. ಆ 2.50 ಅಂಕಿ ಪಂಪ್‌ಸೆಟ್ಟಿಗೆ ಸರಿ, 667 ಹರ್ಟ್ಜ್ ಮೋಟಾರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ತೆಳು ಶೀಟುಗಳ ಹೆಸರಿಡುವ ರೀತಿ ಬೇರೆ. ಎನ್‌ಒ20-1200 ಎಂದರೆ 0.20 ಮಿ.ಮೀ., 1.0 ಟೆಸ್ಲಾ 400 ಹರ್ಟ್ಜ್‌ನಲ್ಲಿ ಕೆಜಿಗೆ 12 ವಾಟ್. ಹೋಲಿಸುವಾಗ ಯಾವಾಗಲೂ 400 ಹರ್ಟ್ಜ್ ಅಂಕಿಯನ್ನು ಕೇಳಿ, ಸಾಧ್ಯವಾದರೆ 800 ಅಥವಾ 1,000 ಹರ್ಟ್ಜ್‌ನದನ್ನೂ. ಕೆಲವು ಗ್ರೇಡುಗಳ ಕೊನೆಯಲ್ಲಿ ವೈ420 ಎಂದಿರುತ್ತದೆ, ಅದು 420 ಮೆಗಾಪ್ಯಾಸ್ಕಲ್ ಯೀಲ್ಡಿನ ಗುರುತು.

ಗಟ್ಟಿ ಶೀಟಿನಲ್ಲಿ ನಷ್ಟ ಯಾಕೆ ಹೆಚ್ಚು? ಉಕ್ಕನ್ನು ಗಟ್ಟಿ ಮಾಡುವ ದಾರಿಗಳೆಲ್ಲ ಅದರೊಳಗಿನ ಹರಳುಗಳ ಜಾರುವಿಕೆಯನ್ನು ತಡೆಯುವ ದಾರಿಗಳೇ. ಹರಳನ್ನು ಸಣ್ಣದಾಗಿ ಇಡುವುದು ಒಂದು, ತಾಮ್ರದ ಅತಿ ಸೂಕ್ಷ್ಮ ಕಣಗಳನ್ನು ಒಳಗೆ ಬಿಡಿಸುವುದು ಇನ್ನೊಂದು, ರೋಲಿಂಗ್ ಆದ ಮೇಲೆ ಪೂರ್ತಿ ಅನೀಲ್ ಮಾಡದೆ (ಬಿಸಿ ಮಾಡಿ ಮೆದುಗೊಳಿಸದೆ) ಒಳಗಿನ ಬಿಗುವನ್ನು ಹಾಗೇ ಉಳಿಸುವುದು ಮತ್ತೊಂದು. ಸಿಲಿಕಾನ್, ಮ್ಯಾಂಗನೀಸ್, ನಿಕಲ್ ಹೆಚ್ಚಿಸುವುದೂ ಇದೆ. ಜಾರುವಿಕೆಗೆ ಅಡ್ಡ ನಿಂತದ್ದೇ ಕಾಂತೀಯ ಡೊಮೇನ್ (ಒಂದೇ ದಿಕ್ಕಿಗೆ ಕಾಂತವಾದ ಸಣ್ಣ ವಲಯ) ಗೋಡೆಗಳ ಓಡಾಟಕ್ಕೂ ಅಡ್ಡ ನಿಲ್ಲುತ್ತದೆ, ಹಿಸ್ಟೆರಿಸಿಸ್ ಏರುತ್ತದೆ. ನಷ್ಟಕ್ಕೆ ಒಳ್ಳೆಯ ಹರಳಿನ ಗಾತ್ರ ಸುಮಾರು 100ರಿಂದ 150 ಮೈಕ್ರಾನ್, ಬಲಕ್ಕೆ ಅದಕ್ಕಿಂತ ಬಹಳ ಸಣ್ಣದಿರಬೇಕು. ಸಿಲಿಕಾನ್ ಹೆಚ್ಚಿಸುವುದು ಮಾತ್ರ ಎರಡಕ್ಕೂ ಒಳ್ಳೆಯದು, ಏಕೆಂದರೆ ವಿದ್ಯುತ್ ರೋಧವೂ ಏರುತ್ತದೆ. ಆದರೆ ಮೂರೂವರೆ ಶೇಕಡಾ ದಾಟಿದ ಮೇಲೆ ಶೀಟು ರೋಲಿಂಗಿನಲ್ಲೇ ಬಿರುಕು ಬಿಡತೊಡಗುತ್ತದೆ.

ಮ್ಯಾಗ್ನೆಟ್ ಇರುವ ರೋಟರ್ ತನ್ನದೇ ಫ್ಲಕ್ಸ್ ಜೊತೆ ತಿರುಗುವುದರಿಂದ ಅದರೊಳಗೆ ಫ್ಲಕ್ಸ್ ಹೆಚ್ಚು ಬದಲಾಗುವುದಿಲ್ಲ. ಸ್ಲಾಟುಗಳಿಂದ, ಕಂಟ್ರೋಲರಿನಿಂದ ಬರುವ ಅಲೆ ಮಾತ್ರ ಮೇಲ್ಮೈಯಲ್ಲಿ ಬಡಿಯುತ್ತದೆ. ಆದ್ದರಿಂದ ರೋಟರಿನಲ್ಲಿ ನಷ್ಟ ಸ್ವಲ್ಪ ಹೆಚ್ಚಿದ್ದರೂ ತಡೆದುಕೊಳ್ಳಬಹುದು. ಸ್ಟೇಟರಿನಲ್ಲಿ ಅಂಥ ಹೆಚ್ಚು ನಷ್ಟದ ಶೀಟು ಹಾಕಿದರೆ ತಪ್ಪು.

ಆಯ್ಕೆಗಳು ಒಂದೊಂದಾಗಿ

0.50 ಮಿ.ಮೀ.ನ ಸಾಮಾನ್ಯ ಶೀಟು, ಎಂ400-50ಎ ಅಥವಾ ಅದರ ಆಚೀಚೆಯದು, 50 ಹರ್ಟ್ಜ್ ಪಂಪಿಗೆ, ಅಡಿಕೆ ಸುಲಿಯುವ ಯಂತ್ರದ ಮೋಟಾರಿಗೆ ಸಾಕು. ವೇಗದ ಮೋಟಾರಿನ ಮಾತಿನಲ್ಲಿ ಇದನ್ನು ಪಕ್ಕಕ್ಕಿಡಿ.

0.35 ಮಿ.ಮೀ.ನ ಹೆಚ್ಚು ಸಿಲಿಕಾನ್ ಶೀಟು, ಎಂ250-35ಎ ತರದ್ದು, ನಡುವಿನ ಆಯ್ಕೆ. ಸಿಗುವುದು ಸುಲಭ, ಪಂಚ್ ಮಾಡುವುದು ಸುಲಭ, ಯೀಲ್ಡ್ 400 ದಾಟುತ್ತದೆ. ಸುಮಾರು 300 ಹರ್ಟ್ಜ್ ಒಳಗಿನ ಸ್ಟೇಟರಿಗೂ ಮೇಲಿನ ಲೆಕ್ಕದಲ್ಲಿ ಮೂಲೆಯ ಒತ್ತಡ 300 ಮೆಗಾಪ್ಯಾಸ್ಕಲ್ ದಾಟದ ರೋಟರಿಗೂ ಇದೇ ಸಾಕು. ಹಲವು ವರ್ಕ್‌ಶಾಪ್‌ಗಳು ಇದನ್ನು ದಾಟಿ ಹೋಗಬೇಕಾದ ಅಗತ್ಯವೇ ಇಲ್ಲ.

0.20ರಿಂದ 0.27 ಮಿ.ಮೀ.ನ ತೆಳು ಶೀಟು 400 ಹರ್ಟ್ಜ್ ದಾಟಿದ ಸ್ಟೇಟರಿಗೆ. ಯೀಲ್ಡ್ ಬಲ 0.35ರಷ್ಟೇ ಇರುತ್ತದೆ. ತೆಳುವಾದ ಕಾರಣಕ್ಕೆ ಗಟ್ಟಿ ಎಂದು ಭಾವಿಸಬೇಡಿ. ಕೋಟಿಂಗ್ (ಶೀಟಿನ ಮೇಲಿನ ನಿರೋಧಕ ಲೇಪ) ಪಾಲು ಹೆಚ್ಚುವುದರಿಂದ ಸ್ಟ್ಯಾಕಿಂಗ್ ಫ್ಯಾಕ್ಟರ್ (ಪೇರಿಸಿದ ಎತ್ತರದಲ್ಲಿ ಉಕ್ಕಿನ ಪಾಲು) 0.97ರ ಬದಲು 0.93ರಿಂದ 0.95ಕ್ಕೆ ಇಳಿಯುತ್ತದೆ, ಅಷ್ಟು ಉದ್ದವನ್ನು ಕೋರ್‌ಗೆ ಸೇರಿಸಬೇಕು.

ಹೈ ಸ್ಟ್ರೆಂತ್ ಎಂದು ಮಾರುವ ಶೀಟುಗಳ ಯೀಲ್ಡ್ 500ರಿಂದ 800 ಮೆಗಾಪ್ಯಾಸ್ಕಲ್‌ವರೆಗೆ ಹರಡಿದೆ. 500ರ ಶೀಟಿಗೂ 800ರ ಶೀಟಿಗೂ ನಡುವೆ ಅಜಗಜಾಂತರ. 500–550ರದ್ದು ಹೆಚ್ಚಾಗಿ ಸಿಲಿಕಾನ್, ಮ್ಯಾಂಗನೀಸ್ ಬಲದ ಮೇಲೆ ನಿಂತದ್ದು, ನಷ್ಟ ಸಾಮಾನ್ಯ ಶೀಟಿಗಿಂತ ಸ್ವಲ್ಪವೇ ಹೆಚ್ಚು, ಅಗತ್ಯ ಬಿದ್ದರೆ ಸ್ಟೇಟರಿಗೂ ನಡೆಯುತ್ತದೆ. 700 ದಾಟಿದ್ದು ಹೆಚ್ಚಾಗಿ ಅರೆ ಅನೀಲಿಂಗಿನದ್ದೋ ತಾಮ್ರದ ಕಣದ್ದೋ, ರೋಟರಿಗೆ ಮಾತ್ರ. ನಮ್ಮ ಅಭಿಪ್ರಾಯದಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡುವವರು 550ರ ಆಸುಪಾಸಿನಲ್ಲಿ ನಿಲ್ಲುವುದು ಒಳ್ಳೆಯದು. ಅದರ ಮೇಲಿನದಕ್ಕೆ ಡೈ ಬೇರೆ, ಪ್ರೆಸ್ ಬೇರೆ, ಪರೀಕ್ಷೆ ಬೇರೆ.

6.5 ಶೇಕಡಾ ಸಿಲಿಕಾನ್ ಶೀಟು 0.10 ಮಿ.ಮೀ.ನಲ್ಲಿ ಬರುತ್ತದೆ. 400 ಹರ್ಟ್ಜ್ 1 ಟೆಸ್ಲಾದಲ್ಲಿ ಕೆಜಿಗೆ 6 ವಾಟಿನೊಳಗೆ ನಷ್ಟ, ಸದ್ದೂ ಬಹಳ ಕಡಿಮೆ. ಸ್ಯಾಚುರೇಶನ್ 1.8 ಟೆಸ್ಲಾ. ತುಂಬ ಪೆಡಸು, ಅಂಚು ಉದುರುತ್ತದೆ. ಬಹಳ ಫ್ರೀಕ್ವೆನ್ಸಿಯ ಸಣ್ಣ ಸ್ಟೇಟರಿಗೆ ಒಳ್ಳೆಯದು, ಬ್ರಿಡ್ಜ್ ಇರುವ ರೋಟರಿಗೆ ಬೇಡ.

ಕೋಬಾಲ್ಟ್-ಕಬ್ಬಿಣದ ಶೀಟಿನ ಸ್ಯಾಚುರೇಶನ್ 2.35 ಟೆಸ್ಲಾ, ಬೇರೆ ಯಾವ ಶೀಟೂ ಅಲ್ಲಿಗೆ ಮುಟ್ಟುವುದಿಲ್ಲ. ಬೆಲೆಯೂ ಅದೇ ಎತ್ತರದಲ್ಲಿದೆ, ವಿಮಾನ, ರೇಸಿಂಗ್ ಕೆಲಸಕ್ಕೆ ಬಿಟ್ಟದ್ದು. ಅಮಾರ್ಫಸ್ (ಹರಳುಗಳಿಲ್ಲದ ಲೋಹದ) ಪಟ್ಟಿ ಕೇವಲ 25 ಮೈಕ್ರಾನ್ ದಪ್ಪ, ನಷ್ಟ ಅತಿ ಕಡಿಮೆ, ಆದರೆ ಗಾಜಿನಷ್ಟು ಗಡಸು. ಪಂಚ್ ಮಾಡಲು ಹೋದರೆ ಟೂಲ್ ಉಳಿಯುವುದಿಲ್ಲ.

ಇನ್ನೊಂದು ದಾರಿ ಶೀಟಿನ ಪ್ರಶ್ನೆಯನ್ನೇ ತಪ್ಪಿಸುತ್ತದೆ. ಮ್ಯಾಗ್ನೆಟ್ಟುಗಳನ್ನು ರೋಟರಿನ ಮೇಲ್ಮೈಗೆ ಅಂಟಿಸಿ ಸುತ್ತಲೂ ಕಾರ್ಬನ್ ಫೈಬರ್ ತೋಳು ಬಿಗಿದರೆ ಎಳೆತವನ್ನು ತೋಳೇ ಹೊರುತ್ತದೆ, ಬ್ರಿಡ್ಜ್ ಎಂಬುದೇ ಇರುವುದಿಲ್ಲ. ಅಂಚಿನ ವೇಗ 120 ಮೀಟರ್ ದಾಟಿದ ಬ್ಲೋವರ್ ಮೋಟಾರುಗಳಿಗೆ ಇದೇ ವಾಸಿ. ತೊಂದರೆ ಎಂದರೆ ಏರ್ ಗ್ಯಾಪ್ ಒಂದೆರಡು ಮಿಲಿಮೀಟರ್ ಹೆಚ್ಚುತ್ತದೆ, ತೋಳಿನ ಒಳಗಿನ ಬಿಸಿ ಹೊರಬರುವುದಿಲ್ಲ.

ಭದ್ರಾವತಿ ಎಂದರೆ ಉಕ್ಕು ಎಂಬುದು ಈ ಜಿಲ್ಲೆಯವರ ನಾಲಿಗೆಯ ಮೇಲಿನ ಮಾತು. 1923ರಲ್ಲಿ ಶುರುವಾದ ಅಲ್ಲಿನ ಉಕ್ಕಿನ ಕಾರ್ಖಾನೆ ಹೆಸರಾದದ್ದು ಮಿಶ್ರಲೋಹದ ಉಕ್ಕಿಗೆ, ಫೋರ್ಜಿಂಗಿಗೆ. ಶಾಫ್ಟಿಗೆ ಬೇಕಾಗುವುದು ಆ ಬಗೆಯ ಉಕ್ಕು. ಕೋರ್‌ಗೆ ಬಳಸುವ ಲ್ಯಾಮಿನೇಷನ್ ಶೀಟಿನ ತಯಾರಿಕೆ ಬೇರೆಯೇ ವಿದ್ಯೆ, ಕರ್ನಾಟಕದಲ್ಲಿ ಅದು ಇರುವುದು ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲಿ. ಸಾಮಾನ್ಯ ಶೀಟಿಗೆ ಭಾರತೀಯ ಮಾನಕವಾದ ಐಎಸ್ 648 ಗುರುತು ಕೇಳಿ ತೆಗೆದುಕೊಳ್ಳಿ. ಅತಿ ತೆಳುವಿನದ್ದು, ಹೈ ಸ್ಟ್ರೆಂತ್‌ನದ್ದು ಬೇಕಾದರೆ ಕಾಯಿಲ್ ಸೀಳಿ ಕೊಡುವ ಸರ್ವಿಸ್ ಸೆಂಟರುಗಳಲ್ಲಿ ವಿಚಾರಿಸಬೇಕು. ಕಾರ್ಖಾನೆಯಿಂದ ನೇರವಾಗಿ ಎಂದರೆ ಮಾತು ಟನ್ನಿನಲ್ಲೇ ಶುರುವಾಗುತ್ತದೆ.

ಒಂದೇ ಶೀಟಿನಿಂದ ಎರಡೂ ತೆಗೆಯುವುದು

ರೋಟರಿನ ಬಿಲ್ಲೆ ಸ್ಟೇಟರಿನ ಹೊಟ್ಟೆಯಿಂದ ಬರುತ್ತದೆ. ಎರಡಕ್ಕೆ ಎರಡು ಬೇರೆ ಶೀಟು ಹಾಕಿದರೆ ಸ್ಟೇಟರ್ ಶೀಟಿನ ನಡುಭಾಗ ಸ್ಕ್ರಾಪ್, ರೋಟರ್ ಶೀಟಿನ ಹೊರಭಾಗ ಸ್ಕ್ರಾಪ್. ಅದಕ್ಕೆ ನಡುದಾರಿಯೊಂದಿದೆ. ಗಟ್ಟಿಯಾಗಿ ಬಂದು ಅನೀಲ್ ಮಾಡಿದರೆ ಹರಳು ಬೆಳೆಯುವಂಥ ಶೀಟನ್ನು ತಂದು ಎರಡನ್ನೂ ಒಟ್ಟಿಗೆ ಪಂಚ್ ಮಾಡಿ, ಸ್ಟೇಟರನ್ನು ಮಾತ್ರ ಸ್ಟ್ರೆಸ್ ರಿಲೀಫ್ ಅನೀಲಿಂಗಿಗೆ ಕಳಿಸುವುದು. ರೋಟರ್ ಹಾಗೇ ಗಟ್ಟಿಯಾಗಿ ಉಳಿಯುತ್ತದೆ.

ಅನೀಲಿಂಗ್ ಸಾಮಾನ್ಯವಾಗಿ 750 ಡಿಗ್ರಿಯಲ್ಲಿ ಎರಡು ಗಂಟೆ, ಒಣ ನೈಟ್ರೋಜನ್ನಿನಲ್ಲಿ. ಪಂಚಿಂಗ್ ಎಣ್ಣೆಯನ್ನು ಮೊದಲೇ ಒರೆಸಿ ಸುಟ್ಟು ತೆಗೆಯಬೇಕು. ಉಳಿದರೆ ಅದರ ಕಾರ್ಬನ್ ಉಕ್ಕಿಗೆ ಇಳಿಯುತ್ತದೆ, ವರ್ಷ ಕಳೆದ ಹಾಗೆ ನಷ್ಟ ತಾನಾಗಿ ಏರುತ್ತದೆ. ಕುಲುಮೆಯೊಳಗೇ 300 ಡಿಗ್ರಿವರೆಗೆ ನಿಧಾನ ಆರಬೇಕು, ಬಿಸಿಯಲ್ಲಿ ಹೊರಗೆ ತೆಗೆದರೆ ಶೀಟು ಸೊಟ್ಟಗಾಗುತ್ತದೆ. ಕೋಟಿಂಗ್ ಸಿ-5 ಆದರೆ ಈ ಬಿಸಿ ತಡೆಯುತ್ತದೆ, ಸಿ-3 ಆದರೆ ಸುಟ್ಟುಹೋಗುತ್ತದೆ. ಬಿಸಿ ಒತ್ತಿ ಅಂಟಿಸುವ ಬಾಂಡಿಂಗ್ ಕೋಟಿಂಗ್ ಶೀಟಿಗೂ ಅನೀಲಿಂಗ್ ಬೇಡ.

ಗಟ್ಟಿ ರೋಟರಿನ ಸ್ಟ್ಯಾಕ್ ಒಂದು ಸ್ಟೇಟರ್ ಟ್ರೇ ಜೊತೆ ಕುಲುಮೆಗೆ ಹೋಗಿಬಿಟ್ಟರೆ ಹೊರಗೆ ಬಂದಾಗ ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ, ಬಲ ಮಾತ್ರ ಮೂರನೇ ಒಂದು ಪಾಲೋ ಇನ್ನೂ ಹೆಚ್ಚೋ ಹೋಗಿರುತ್ತದೆ. ಪಂಚ್ ಆದ ಕೂಡಲೇ ರೋಟರ್ ಸ್ಟ್ಯಾಕಿನ ಅಂಚಿಗೆ ಬಣ್ಣ ಬಳಿಯುವ ಅಭ್ಯಾಸ ಇಟ್ಟುಕೊಳ್ಳಿ. ಸಂಶಯ ಬಂದರೆ ಗಡಸುತನ ನೋಡಿ. 3 ಶೇಕಡಾ ಸಿಲಿಕಾನಿನ ಸಾಮಾನ್ಯ ಶೀಟು ಸುಮಾರು 180ರಿಂದ 220 ವಿಕರ್ಸ್, ಗಟ್ಟಿಯದು ಅದಕ್ಕಿಂತ ಸ್ಪಷ್ಟವಾಗಿ ಮೇಲಿರಬೇಕು.

ಡೈ ಮತ್ತು ಪ್ರೆಸ್

ಕತ್ತರಿಸುವ ಅಂಚಿನ ಒಟ್ಟು ಉದ್ದವನ್ನು ದಪ್ಪದಿಂದಲೂ ಶಿಯರ್ ಬಲದಿಂದಲೂ ಗುಣಿಸಿದರೆ ಪ್ರೆಸ್ಸಿನ ಟನ್ ಸಿಗುತ್ತದೆ. 1,600 ಮಿ.ಮೀ. ಅಂಚು, 0.35 ದಪ್ಪದ ಸಾಮಾನ್ಯ ಶೀಟಿಗೆ 400 ಮೆಗಾಪ್ಯಾಸ್ಕಲ್ ಹಿಡಿದರೆ ಸುಮಾರು 23 ಟನ್. ಅದೇ ಅಂಚು ಗಟ್ಟಿ ಶೀಟಿಗೆ 560 ಹಿಡಿದರೆ 32 ಟನ್. ಸ್ಟ್ರಿಪ್ಪಿಂಗ್ (ಪಂಚಿನಿಂದ ಶೀಟನ್ನು ಬಿಡಿಸುವುದು) ಮತ್ತು ಭದ್ರತೆಗೆ ಇನ್ನೂ ಮೂವತ್ತು ಶೇಕಡಾ ಸೇರಿಸಿ. ಹಳೆಯ 30 ಟನ್ ಪ್ರೆಸ್ಸಿನಲ್ಲಿ ಎಳೆದಾಡಿ ಮಾಡಿದರೆ ಪಂಚ್ ಹೊರಳಿ ಒಂದು ಬದಿ ಬರ್ (ಅಂಚಿನ ಮುಳ್ಳು) ಎದ್ದೇ ಏಳುತ್ತದೆ.

ಕ್ಲಿಯರೆನ್ಸ್ (ಪಂಚಿಗೂ ಡೈಗೂ ನಡುವಿನ ಸಂದು) ಒಂದು ಬದಿಗೆ ದಪ್ಪದ ಶೇಕಡಾ 5ರಿಂದ 8. 0.20 ಶೀಟಿಗೆ ಅದು 10ರಿಂದ 16 ಮೈಕ್ರಾನ್, ಅಂದರೆ ಸಾಮಾನ್ಯ ಪಿಲ್ಲರ್ ಡೈಸೆಟ್ಟಿನ ಆಟವೇ ಅದನ್ನು ನುಂಗಬಹುದು. ಕಾರ್ಬೈಡ್ ಪಂಚ್, ಬಾಲ್ ಗೈಡ್ ಇಲ್ಲದೆ ತೆಳು ಶೀಟಿಗೆ ಇಳಿಯಬೇಡಿ. ಬರ್ 0.02 ದಾಟಿದ ಕೂಡಲೇ ಡೈ ಸಾಣೆಗೆ ಹೋಗಬೇಕು. 0.20 ಶೀಟಿನಲ್ಲಿ 0.03 ಬರ್ ಎಂದರೆ ಪಕ್ಕದ ಶೀಟಿಗೆ ತಾಗಿ ಕೋಟಿಂಗ್ ಕೆರೆದು ಶೀಟುಗಳು ಶಾರ್ಟ್ ಆಗುತ್ತವೆ, ತೆಳುವಿಗೆ ಕೊಟ್ಟ ದುಡ್ಡೆಲ್ಲ ಅಲ್ಲಿಗೆ ವ್ಯರ್ಥ.

ರೋಟರ್ ಡೈನಲ್ಲಿ ಮೊದಲು ಸವೆಯುವುದು ಮ್ಯಾಗ್ನೆಟ್ ಗೂಡಿನ ಪಂಚಿನ ಮೂಲೆ. ಸವೆದ ಮೂಲೆ ಬ್ರಿಡ್ಜಿನ ಬುಡದಲ್ಲಿ ಹರಿದ ಹಾಗೆ ಕತ್ತರಿಸುತ್ತದೆ, ಫಟೀಗ್ ಬಿರುಕು (ಮತ್ತೆ ಮತ್ತೆ ಬೀಳುವ ಎಳೆತದಿಂದ ಬರುವ ಬಿರುಕು) ಹುಟ್ಟುವುದು ಅಲ್ಲೇ. ಹತ್ತು ಪಟ್ಟು ಲೆನ್ಸಿನಲ್ಲಿ ಆ ಮೂಲೆಯನ್ನು ನೋಡಿದರೆ ಹೊಳೆಯುವ ಪಟ್ಟಿ ಮತ್ತು ಮಂಕು ಪಟ್ಟಿ ಬೇರೆ ಬೇರೆ ಕಾಣಬೇಕು. ಎರಡೂ ಕಲಸಿಹೋಗಿ ನಾರು ಎದ್ದಂತಿದ್ದರೆ ಆ ಲಾಟನ್ನು ರೋಟರಿಗೆ ಬಳಸಬೇಡಿ.

ಹತ್ತಿಪ್ಪತ್ತು ಮೋಟಾರು ಮಾತ್ರ ಮಾಡುವವರು ವೈರ್‌ಕಟ್‌ಗೆ (ತಂತಿಯ ವಿದ್ಯುತ್ ಕಿಡಿಯಿಂದ ಕತ್ತರಿಸುವುದಕ್ಕೆ) ಹೋಗುವುದೇ ಸರಿ. ಲೇಸರಿಗಿಂತ ಅಂಚು ಕಡಿಮೆ ಕೆಡುತ್ತದೆ. ಆದರೆ ಸ್ಟ್ಯಾಕ್ ಮಾಡಿ ಕತ್ತರಿಸಿದಾಗ ಶೀಟುಗಳ ಅಂಚು ಕರಗಿ ಒಂದಕ್ಕೊಂದು ಅಂಟಿರುತ್ತದೆ. ಒಂದೊಂದಾಗಿ ಬಿಡಿಸಿ, ಒರೆಸಿ, ಮತ್ತೆ ಜೋಡಿಸಬೇಕು.

ಮಲೆನಾಡಿನ ಮಳೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಶೆಡ್ಡಿನೊಳಗಿನ ಗಾಳಿಯೇ ತೇವ. ಕೋಟಿಂಗ್ ಇರುವುದು ಶೀಟಿನ ಮೇಲ್ಮೈಗೆ, ಕತ್ತರಿಸಿದ ಅಂಚು ಬರಿ ಉಕ್ಕು. ವೈರ್‌ಕಟ್ ನೀರಿನಿಂದ ತೆಗೆದ ಸ್ಟ್ಯಾಕ್ ಒಂದು ರಾತ್ರಿ ಮೇಜಿನ ಮೇಲೆ ಉಳಿದರೆ ಬೆಳಿಗ್ಗೆ ಅಂಚು ಕೆಂಪಾಗಿರುತ್ತದೆ. ಸ್ಟೇಟರಿನಲ್ಲಿ ಆ ತುಕ್ಕು ಶೀಟುಗಳ ನಡುವೆ ಉಬ್ಬಿ ಸ್ಟ್ಯಾಕಿನ ಎತ್ತರ ಕೆಡಿಸುತ್ತದೆ. ರೋಟರ್ ಬ್ರಿಡ್ಜಿನಲ್ಲಿ ತುಕ್ಕಿನ ಗುಳಿಯೇ ಬಿರುಕಿನ ಬೀಜ. 1 ಮಿ.ಮೀ. ಬ್ರಿಡ್ಜಿಗೆ 0.05 ಗುಳಿ ಸಣ್ಣದಲ್ಲ.

ಕತ್ತರಿಸಿದ ದಿನವೇ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, 100ರಿಂದ 110 ಡಿಗ್ರಿ ಓವನ್ನಿನಲ್ಲಿ ಒಂದು ಗಂಟೆ ಒಣಗಿಸಿ, ಬಿಸಿ ಪೂರ್ತಿ ಆರುವ ಮೊದಲೇ ತುಕ್ಕು ತಡೆಯುವ ವಿಸಿಐ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ. ಹೊರಗಿಂದ ಬಂದ ಕಾಯಿಲನ್ನು ಇಳಿಸಿದ ತಕ್ಷಣ ಬಿಚ್ಚಬೇಡಿ. ತಣ್ಣನೆಯ ಉಕ್ಕಿನ ಮೇಲೆ ಮಳೆಗಾಲದ ಗಾಳಿ ಬೆವರಿಳಿಸುತ್ತದೆ. ಕಾಯಿಲ್ ಶೆಡ್ಡಿನ ಬಿಸಿಗೆ ಬರುವವರೆಗೆ ಕಟ್ಟು ಹಾಗೇ ಇರಲಿ.

ಕೊಂಡ ಶೀಟು ಹೇಳಿದ್ದೇ ಹೌದೇ?

ಟೆಸ್ಟ್ ಸರ್ಟಿಫಿಕೇಟ್ ಇದ್ದರೂ ಒಂದು ರಿಂಗ್ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು, ಖರ್ಚು ಹೆಚ್ಚಿಲ್ಲ. 0.35 ಶೀಟಿನಿಂದ ಹೊರ ವ್ಯಾಸ 100, ಒಳ ವ್ಯಾಸ 84 ಮಿ.ಮೀ.ನ ಇಪ್ಪತ್ತು ಬಳೆ ವೈರ್‌ಕಟ್ ಮಾಡಿಸಿ ಪೇರಿಸಿ. ಟೇಪ್ ಸುತ್ತಿ ಸೆಕೆಂಡರಿ 100 ಸುತ್ತು, ಅದರ ಮೇಲೆ ಪ್ರೈಮರಿ 100 ಸುತ್ತು. ಆಡಿಯೋ ಆಂಪ್ಲಿಫೈಯರಿಗೆ 400 ಹರ್ಟ್ಜ್ ಸೈನ್ ಸಿಗ್ನಲ್ ಕೊಟ್ಟು ಪ್ರೈಮರಿಗೆ ಜೋಡಿಸಿ. ಸೆಕೆಂಡರಿಯಲ್ಲಿ 9.9 ವೋಲ್ಟ್ ಬಂದಾಗ ಕೋರ್ 1 ಟೆಸ್ಲಾದಲ್ಲಿದೆ. ಪ್ರೈಮರಿ ಕರೆಂಟನ್ನೂ ಸೆಕೆಂಡರಿ ವೋಲ್ಟೇಜನ್ನೂ ಕ್ಷಣ ಕ್ಷಣ ಗುಣಿಸಿ ಸರಾಸರಿ ತೆಗೆದರೆ ಬರುವುದು ಕೋರಿನ ನಷ್ಟ, ತಾಮ್ರದ ನಷ್ಟ ಅದರಲ್ಲಿ ಸೇರುವುದಿಲ್ಲ. ಡಿಜಿಟಲ್ ಸ್ಕೋಪಿನಲ್ಲಿ ಇದು ಒಂದು ಬಟನ್ ಕೆಲಸ. ಬಳೆಗಳ ತೂಕ ಸುಮಾರು 124 ಗ್ರಾಂ, ಆದ್ದರಿಂದ 2.5 ವಾಟ್ ಬಂದರೆ ಕೆಜಿಗೆ 20. ಕತ್ತರಿಸಿದ ಅಂಚಿನ ಪ್ರಭಾವದಿಂದ ಅಂಕಿ ಸರ್ಟಿಫಿಕೇಟಿಗಿಂತ ಸ್ವಲ್ಪ ಹೆಚ್ಚೇ ಬರುತ್ತದೆ. ಒಂದೂವರೆ ಪಟ್ಟು ಬಂದರೆ ಶೀಟೇ ಬೇರೆ.

ಬಲಕ್ಕೆ ಟೆನ್ಸೈಲ್ ಪರೀಕ್ಷೆ ಮಾಡಿಸುವಾಗ ರೋಲಿಂಗ್ ದಿಕ್ಕಿನಲ್ಲೂ ಅದಕ್ಕೆ ಅಡ್ಡಲಾಗಿಯೂ ತುಂಡು ಕೊಡಿ. ರೋಟರಿನ ಬ್ರಿಡ್ಜುಗಳು ಎಲ್ಲ ದಿಕ್ಕಿನಲ್ಲೂ ಇರುತ್ತವೆ, ಕಡಿಮೆ ಬಂದ ಅಂಕಿಯೇ ಲೆಕ್ಕಕ್ಕೆ. ರೋಟರ್ 150 ಡಿಗ್ರಿಗೆ ಹೋಗುತ್ತದೆ ಎಂದಾದರೆ ಆ ಬಿಸಿಯ ಯೀಲ್ಡ್ ಅಂಕಿಯನ್ನೇ ಮಾರುವವರಿಂದ ಕೇಳಿ ಪಡೆಯಿರಿ, ಕೋಣೆಯ ತಾಪದ್ದಕ್ಕಿಂತ ಅದು ಕಡಿಮೆ ಇರುತ್ತದೆ.

ಯಾವ ಕೆಲಸಕ್ಕೆ ಯಾವುದು

ಬ್ಯಾಟರಿ ವೀಡ್ ಕಟರಿನ, ರೋಟರ್ ಸ್ಟೇಟರಿನ ಹೊರಗೆ ತಿರುಗುವ ಮೋಟಾರಿಗೆ ಹದಿನಾಲ್ಕು ಪೋಲ್, 8,000 ಆರ್‌ಪಿಎಂ ಎಂದರೆ 933 ಹರ್ಟ್ಜ್. ರೋಟರ್ ಒಂದು ಉಕ್ಕಿನ ಬಳೆ, ಮ್ಯಾಗ್ನೆಟ್ ಒಳಗಿಂದ ಅದಕ್ಕೇ ಒತ್ತಿಕೊಳ್ಳುತ್ತದೆ. ಗಟ್ಟಿ ಶೀಟಿನ ಅಗತ್ಯವೇ ಇಲ್ಲ, ಸ್ಟೇಟರಿಗೆ 0.20 ಮಾತ್ರ ಬೇಕೇ ಬೇಕು. ಅಡಿಕೆ ತೋಟದಲ್ಲಿ ಇಡೀ ದಿನ ಓಡಿಸಿದರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದು ಒಂದಿಷ್ಟು ಇಲ್ಲೂ ತೀರ್ಮಾನವಾಗುತ್ತದೆ.

ಸ್ಕೂಟರಿನ 90 ಮಿ.ಮೀ. ರೋಟರ್ 8,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 38 ಮೀಟರ್ ಮಾತ್ರ. ಫ್ರೀಕ್ವೆನ್ಸಿಯೂ ಸುಮಾರು 300 ಹರ್ಟ್ಜ್ ಒಳಗಿದ್ದರೆ 0.35 ಸಾಮಾನ್ಯ ಶೀಟಿನಲ್ಲೇ ರೋಟರ್, ಸ್ಟೇಟರ್ ಎರಡೂ ಮಾಡಿ, ಉಳಿದ ದುಡ್ಡಿನಲ್ಲಿ ಒಳ್ಳೆಯ ಬೇರಿಂಗ್ ಹಾಕಿ. 24,000 ಆರ್‌ಪಿಎಂನ 50 ಮಿ.ಮೀ. ಇಂಡಕ್ಷನ್ ಸ್ಪಿಂಡಲಿನಲ್ಲೂ ಶೀಟಿಗಿಂತ ಮೊದಲು ಸೋಲುವುದು ರೋಟರ್ ಕೇಜಿನ ತುದಿಯ ಬಳೆ (ಎಂಡ್ ರಿಂಗ್), ಅದನ್ನು ಬಲಪಡಿಸಿ. ಮ್ಯಾಗ್ನೆಟ್ ಹೂತ, 80 ಮಿ.ಮೀ.ಗೂ ದೊಡ್ಡ, 16,000ಕ್ಕೂ ವೇಗದ ರೋಟರಾದರೆ ಮೇಲಿನ ಬ್ರಿಡ್ಜ್ ಲೆಕ್ಕ ಹಾಕಿ 550ರ ಶೀಟಿಗೆ ಹೋಗಿ.

ಯಾವುದನ್ನು ಆರಿಸಿದರೂ ಮೊದಲ ರೋಟರನ್ನು ಗರಿಷ್ಠ ವೇಗದ 1.2 ಪಟ್ಟಿನಲ್ಲಿ ಎರಡು ನಿಮಿಷ ಓಡಿಸಬೇಕು, ಸುತ್ತ ದಪ್ಪ ಉಕ್ಕಿನ ಗುಂಡಿ ಅಥವಾ ಕವಚದೊಳಗೆ, ಎದುರಿಗೆ ಯಾರೂ ನಿಲ್ಲದಂತೆ. ಮೊದಲೂ ಆಮೇಲೂ ಹೊರ ವ್ಯಾಸವನ್ನು ಪ್ರತಿ ಪೋಲಿನ ನಡುವೆ ಮೈಕ್ರೋಮೀಟರಿನಲ್ಲಿ ಅಳೆಯಿರಿ. 5 ಮೈಕ್ರಾನಿಗಿಂತ ಹೆಚ್ಚು ಉಳಿದ ಹಿಗ್ಗು ಕಂಡರೆ ಬ್ರಿಡ್ಜ್ ಯೀಲ್ಡ್ ಆಗಿದೆ. ಶಾಫ್ಟಿನ ಬಿಗುವನ್ನೂ ನೋಡಿ. 80 ಮಿ.ಮೀ. ರೋಟರ್ 24,000ದಲ್ಲಿ ತಿರುಗುವಾಗ 25 ಮಿ.ಮೀ. ಬೋರ್ ವ್ಯಾಸದಲ್ಲಿ ಸುಮಾರು 8 ಮೈಕ್ರಾನ್ ತೆರೆದುಕೊಳ್ಳುತ್ತದೆ, ಗೂಡುಗಳಿರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಇಂಟರ್‌ಫರೆನ್ಸ್ (ಬೋರಿಗಿಂತ ಶಾಫ್ಟ್ ಎಷ್ಟು ದಪ್ಪ ಎಂಬುದು) 10 ಮೈಕ್ರಾನ್ ಮಾತ್ರ ಕೊಟ್ಟಿದ್ದರೆ ರೋಟರ್ ಶಾಫ್ಟಿನ ಮೇಲೆ ಸರಿದು ಬ್ಯಾಲೆನ್ಸ್ ಕೆಡುತ್ತದೆ, ನಿಲ್ಲಿಸಿದ ಮೇಲೆ ನೋಡಿದರೆ ಬಿಗಿಯಾಗಿಯೇ ಕಾಣುತ್ತದೆ. ಶಾಫ್ಟಿಗೂ ಸ್ಟ್ಯಾಕಿಗೂ ಒಂದೇ ಗೆರೆ ಎಳೆದು ಗುರುತು ಮಾಡಿ ಓಡಿಸಿದರೆ, ಸರಿದದ್ದು ಆ ಗೆರೆಯಲ್ಲೇ ಗೊತ್ತಾಗುತ್ತದೆ.